ಬೆಂಗಳೂರು–ಮಂಗಳೂರು ವಿಮಾನ: ದೂರ 306 ಕಿ.ಮೀ., ಟಿಕೆಟ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ ಏಕೆ?

ಜಯನಗರ_ಪುತ್ತೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರಿಗೆ ಎಪ್ಪತ್ತನಾಲ್ಕು ವರ್ಷ. ಪುತ್ತೂರಿನ ಬಳಿ ಅಡಿಕೆ ತೋಟದ ಮನೆಯಲ್ಲಿ ತಾಯಿಯವರ ಜೊತೆಗಿದ್ದಾರೆ. ಎರಡೂ ಮಂಡಿ ಸವೆದಿದ್ದು, ಶಸ್ತ್ರಚಿಕಿತ್ಸೆಯ ಬಗ್ಗೆ ಬೆಂಗಳೂರಿನ ವೈದ್ಯರೊಬ್ಬರ ಅಭಿಪ್ರಾಯ ಕೇಳಲು ಡಿಸೆಂಬರ್ ಎರಡನೆಯ ವಾರದಲ್ಲಿ ಅವರನ್ನು ಜಯನಗರದ ನಮ್ಮ ಮನೆಗೆ ಕರೆತರಬೇಕಾಗಿದೆ. ಇಷ್ಟು ವರ್ಷ ಅವರು ರಾತ್ರಿ ಬಸ್ಸಿನಲ್ಲೇ ಘಟ್ಟ ಹತ್ತಿ ಬರುತ್ತಿದ್ದರು. ಕಳೆದ ಬಾರಿ ಬಂದಾಗ ಕಾಲು ಮಡಿಸಲೂ ಆಗದೆ, ಚಾಚಲು ಜಾಗವೂ ಇಲ್ಲದೆ ರಾತ್ರಿಯಿಡೀ ಎಚ್ಚರವಾಗಿಯೇ ಕುಳಿತಿದ್ದರಂತೆ. ಬೆಳಗ್ಗೆ ನಮ್ಮ ಮನೆಯ ಮುಂದಿನ ನಾಲ್ಕು ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿನ ಮೇಲೂ ಎರಡೂ ಪಾದ ಜೋಡಿಸಿ ನಿಂತು, ಗೋಡೆ ಹಿಡಿದು, ಆಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಅದನ್ನು ನೋಡಿದ ಮೇಲೆ ಈ ಸಲ ವಿಮಾನದಲ್ಲೇ ಕರೆತರಬೇಕೆಂದು ಮನಸ್ಸು ಮಾಡಿದ್ದೇನೆ.

ಆದರೆ ದೂರಕ್ಕೂ ಸಮಯಕ್ಕೂ ಲೆಕ್ಕ ಹೊಂದುತ್ತಿಲ್ಲ. ದೇವನಹಳ್ಳಿಯ ನಿಲ್ದಾಣದಿಂದ ಬಜಪೆಯ ನಿಲ್ದಾಣಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ 306 ಕಿ.ಮೀ. ಬರುತ್ತದೆ. ವಿಮಾನ ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರುತ್ತದೆ ಎಂದಿಟ್ಟುಕೊಂಡರೆ 23 ನಿಮಿಷ ಸಾಕು. ಊರುಗಳ ನಡುವಿನ ದೂರ ತಿಳಿಸುವ ಜಾಲತಾಣವೊಂದು ಹಾರಾಟದ ಸಮಯ 53 ನಿಮಿಷ ಎನ್ನುತ್ತದೆ. ಟಿಕೆಟ್ ನೋಡಿದರೆ ಒಂದು ವಿಮಾನಕ್ಕೆ 1 ಗಂಟೆ 10 ನಿಮಿಷ, ಇನ್ನೊಂದಕ್ಕೆ 1 ಗಂಟೆ 20 ನಿಮಿಷ. ಇವುಗಳಲ್ಲಿ ಯಾವುದನ್ನು ನಂಬಬೇಕು? ತಂದೆಯವರು ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಒಂದೇ ಸಮನೆ ಎಷ್ಟು ಹೊತ್ತು ಕುಳಿತಿರಬೇಕಾಗುತ್ತದೆ ಎಂಬುದು ನನಗೆ ಖಚಿತವಾಗಿ ತಿಳಿಯಬೇಕು. ಪುತ್ತೂರಿನ ಮನೆಯಿಂದ ಜಯನಗರದ ಮನೆಗೆ ಲೆಕ್ಕ ಹಾಕಿದಾಗ ವಿಮಾನದಿಂದ ನಿಜವಾಗಿಯೂ ಸಮಯ ಉಳಿಯುತ್ತದೆಯೇ ಎಂಬುದನ್ನೂ ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

ಇಳಿಹಾದಿ

ನಾನು ಹದಿನಾಲ್ಕು ವರ್ಷ ವಿಮಾನಗಳ ಹಾರಾಟ ಯೋಜನೆ ಸಿದ್ಧಪಡಿಸುವ ವಿಭಾಗದಲ್ಲಿ ಕೆಲಸ ಮಾಡಿದವನು. ನೀವು ಕೊಟ್ಟಿರುವ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ, ಒಂದೊಂದೂ ಬೇರೆ ಬೇರೆಯದನ್ನು ಅಳೆಯುತ್ತಿದೆ.

ಮೊದಲು 53 ನಿಮಿಷದ ವಿಚಾರ. ಅಂತಹ ಜಾಲತಾಣಗಳು ಯಾವ ವಿಮಾನದ ವೇಳಾಪಟ್ಟಿಯನ್ನೂ ನೋಡುವುದಿಲ್ಲ. ನೇರ ದೂರವನ್ನು ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಎಂದು ಕಣ್ಣುಮುಚ್ಚಿ ಅರ್ಧ ಗಂಟೆ ಸೇರಿಸುತ್ತವೆ. ನಿಮ್ಮ 23ಕ್ಕೆ 30 ಕೂಡಿಸಿ ನೋಡಿ, 53 ಬರುತ್ತದೆ. ಬೆಂಗಳೂರು–ದೆಹಲಿಯಂತಹ ದೂರಗಳಿಗೆ ಈ ಸೂತ್ರ ಹೆಚ್ಚುಕಡಿಮೆ ಸರಿಹೋಗುತ್ತದೆ. ಮುನ್ನೂರು ಕಿಲೋಮೀಟರಿಗೆ ಅದನ್ನು ಹಚ್ಚಿದರೆ ಅರ್ಥವಿರುವುದಿಲ್ಲ.

ಇನ್ನು 23 ನಿಮಿಷ. ಗಂಟೆಗೆ 800 ಕಿ.ಮೀ. ಎನ್ನುವುದು ಜೆಟ್ ವಿಮಾನ ಎತ್ತರಕ್ಕೆ ಹೋಗಿ ಸಮತಲದಲ್ಲಿ ಹಾರುವಾಗಿನ ವೇಗ. ಬೆಂಗಳೂರು–ಮಂಗಳೂರು ದಾರಿಯಲ್ಲಿ ಅಂತಹ ಸಮತಲದ ಹಾರಾಟ ಬಹುತೇಕ ಇರುವುದೇ ಇಲ್ಲ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಎಂಬುದು ಪೈಲಟ್‌ಗಳು ಮನಸ್ಸಿನಲ್ಲೇ ಹಾಕುವ ಲೆಕ್ಕ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ವಿಮಾನ 24,000 ಅಡಿಯಲ್ಲಿದ್ದರೆ ಮಂಗಳೂರಿಗೆ ಇಳಿಯಲು 72 ನಾಟಿಕಲ್ ಮೈಲಿ, ಅಂದರೆ 133 ಕಿ.ಮೀ. ಮೊದಲೇ ಇಳಿಯತೊಡಗಬೇಕು. ಅಷ್ಟು ಎತ್ತರಕ್ಕೆ ಏರಲು ಇನ್ನೊಂದು ನೂರಿಪ್ಪತ್ತು ಕಿಲೋಮೀಟರ್ ಕಳೆದಿರುತ್ತದೆ. 306ರಲ್ಲಿ ಇವೆರಡನ್ನೂ ಕಳೆದರೆ ಮಧ್ಯದಲ್ಲಿ ಐವತ್ತು ಕಿಲೋಮೀಟರ್ ಮಾತ್ರ ಉಳಿಯುತ್ತದೆ. ಜೆಟ್‌ಗೆ ಅದು ನಾಲ್ಕು ನಿಮಿಷದ ದಾರಿ. ಇದಲ್ಲದೆ 10,000 ಅಡಿಗಿಂತ ಕೆಳಗೆ 250 ನಾಟ್ ವೇಗವನ್ನು, ಎಂದರೆ ಗಂಟೆಗೆ ಸುಮಾರು 463 ಕಿ.ಮೀ. ಅನ್ನು ಮೀರುವಂತಿಲ್ಲ. ಹೀಗಾಗಿ ಚಕ್ರ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವ ಕ್ಷಣದವರೆಗೆ ಜೆಟ್‌ಗೆ ಸಾಮಾನ್ಯವಾಗಿ ಮೂವತ್ತೈದು ನಿಮಿಷವಾಗುತ್ತದೆ. ಎರಡು ಪ್ರೊಪೆಲ್ಲರ್‌ಗಳ ಎಟಿಆರ್ ವಿಮಾನದ ಗರಿಷ್ಠ ವೇಗವೇ ಗಂಟೆಗೆ 510 ಕಿ.ಮೀ. ಆಸುಪಾಸಿನದು, ಅದಕ್ಕೆ ನಲವತ್ತೈದು ನಿಮಿಷ ಬೇಕು. ದಾರಿ ಇಷ್ಟು ಚಿಕ್ಕದಾದ್ದರಿಂದ ವೇಗದಲ್ಲಿ ಅಷ್ಟು ಹಿಂದಿರುವ ಎಟಿಆರ್ ಸಮಯದಲ್ಲಿ ಹತ್ತೇ ನಿಮಿಷ ಹಿಂದುಳಿಯುತ್ತದೆ.

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಲ್ಲ, ನಾವು ಬ್ಲಾಕ್ ಟೈಮ್ ಎಂದು ಕರೆಯುವ ಅವಧಿ. ಚಕ್ರಕ್ಕೆ ಅಡ್ಡವಾಗಿ ಇಟ್ಟ ದಿಮ್ಮಿಯನ್ನು ತೆಗೆದು ವಿಮಾನ ನಿಂತಲ್ಲಿಂದ ಅಲುಗಿದಾಗ ಅದು ಶುರುವಾಗಿ, ಇನ್ನೊಂದು ನಿಲ್ದಾಣದಲ್ಲಿ ಚಕ್ರಕ್ಕೆ ಮತ್ತೆ ದಿಮ್ಮಿ ಕೊಟ್ಟಾಗ ಮುಗಿಯುತ್ತದೆ. ದೇವನಹಳ್ಳಿಯಲ್ಲಿ 2008ರ ಮೊದಲ ರನ್‌ವೇ ಜೊತೆಗೆ 2019ರ ಡಿಸೆಂಬರ್‌ನಿಂದ ಎರಡನೆಯದೂ ಬಳಕೆಯಲ್ಲಿದೆ. ಟರ್ಮಿನಲ್‌ನಿಂದ ರನ್‌ವೇ ತುದಿಯವರೆಗೆ ಉರುಳಿಕೊಂಡು ಹೋಗುವುದು, ಮುಂದಿರುವ ವಿಮಾನಗಳ ಹಿಂದೆ ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು, ಜೊತೆಗೆ ದಟ್ಟಣೆಯ ಹೊತ್ತಿಗೆಂದು ಕಂಪನಿಗಳು ಇಟ್ಟುಕೊಳ್ಳುವ ಒಂದಿಷ್ಟು ಬಿಡುವು, ಇವೆಲ್ಲ ಸೇರಿ 1 ಗಂಟೆ 10 ಅಥವಾ 1 ಗಂಟೆ 20 ಆಗುತ್ತದೆ. ನಿಮ್ಮ ಎರಡು ಟಿಕೆಟ್‌ಗಳ ನಡುವಿನ ಹತ್ತು ನಿಮಿಷಕ್ಕೆ ವಿಮಾನದ ಮಾದರಿಯೋ ಹೊರಡುವ ಹೊತ್ತಿನ ದಟ್ಟಣೆಯೋ ಕಾರಣವಿರಬೇಕು.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿಯಿದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ಮಂಗಳೂರು ಬಹುತೇಕ ನೇರ ಪಶ್ಚಿಮಕ್ಕಿದೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಬೆಂಗಳೂರಿನಿಂದ ಹೊರಟ ವಿಮಾನ ಮಂಗಳೂರಿನ ಕಡೆಗೇ ಮುಖ ಮಾಡಿ ಏರುತ್ತದೆ, ಆದರೆ ಮಂಗಳೂರಿನಿಂದ ಬಂದದ್ದು ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ ತಿರುಗಿ ಬಂದು ಇಳಿಯಬೇಕಾಗುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ ಬರುತ್ತದೆ; ಆಗ ಹೊರಡುವವರಿಗೆ ಸುತ್ತು, ಬರುವವರಿಗೆ ನೇರ ದಾರಿ. ನಿಮ್ಮ ತಂದೆಯವರು ಡಿಸೆಂಬರ್‌ನಲ್ಲಿ ಮಂಗಳೂರಿನಿಂದ ಬರುತ್ತಿರುವುದರಿಂದ ಈ ನೇರ ದಾರಿ ಸಿಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಳಿಯಬೇಕಾದ ಎತ್ತರವೂ ಅಷ್ಟು ಕಡಿಮೆ.

ಬೆಲ್ಟ್ ಕಟ್ಟಿಕೊಂಡು ಕೂರುವ ಅವಧಿಯನ್ನು ಕೇಳಿದ್ದೀರಿ. ಬಾಗಿಲು ಮುಚ್ಚಿದಾಗಿನಿಂದ ತೆರೆಯುವವರೆಗೆ ಒಂದೂಕಾಲು ಗಂಟೆ ಎಂದಿಟ್ಟುಕೊಳ್ಳಿ. ಮಧ್ಯದಲ್ಲಿ ಎದ್ದು ಓಡಾಡಲು ಅವಕಾಶ ಸಿಗುತ್ತದೆಂದು ನಂಬಬೇಡಿ. ಸಮತಲದ ಹಾರಾಟ ನಾಲ್ಕು ನಿಮಿಷದ್ದಾದರೆ ಬೆಲ್ಟ್‌ನ ದೀಪ ಆರುವುದೇ ಇಲ್ಲ, ಆರಿದರೂ ಬೇಗ ಮತ್ತೆ ಹೊತ್ತಿಕೊಳ್ಳುತ್ತದೆ.

ಬಜಪೆ_ಗುಡ್ಡ

ಮೇಲಿನವರು ಆಕಾಶದ ಲೆಕ್ಕವನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ನಾನು ನೆಲದ ಲೆಕ್ಕ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಯಾಣದ ಹೆಚ್ಚಿನ ಭಾಗ ನೆಲದ ಮೇಲೆಯೇ ನಡೆಯಲಿದೆ. ಕೆಲಸದ ನಿಮಿತ್ತ ತಿಂಗಳಿಗೆ ಎರಡು ಸಲವಾದರೂ ಈ ದಾರಿಯಲ್ಲಿ ಓಡಾಡುತ್ತೇನೆ.

ಪುತ್ತೂರಿನಿಂದ ಬಿ.ಸಿ.ರೋಡ್ ಮೂಲಕ ಬಜಪೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಚೆಕ್-ಇನ್ ಕೌಂಟರನ್ನು ಸಾಮಾನ್ಯವಾಗಿ ಹೊರಡುವ ಸಮಯಕ್ಕೆ 60 ನಿಮಿಷ ಮೊದಲು ಮುಚ್ಚುತ್ತಾರೆ. ವೀಲ್‌ಚೇರ್ ಬೇಕಾದ ಹಿರಿಯರನ್ನು ಕರೆದೊಯ್ಯುವವರು ಒಂದೂಮುಕ್ಕಾಲು ಗಂಟೆ ಮೊದಲಾದರೂ ಅಲ್ಲಿರಬೇಕು. ವಿಮಾನಕ್ಕೆ ಒಂದೂಕಾಲು ಗಂಟೆ, ಬೆಂಗಳೂರಿನಲ್ಲಿ ಇಳಿದು ಸಾಮಾನು ಪಡೆದು ಹೊರಬರಲು ಅರ್ಧ ಗಂಟೆ, ಅಲ್ಲಿಂದ ಹೆಬ್ಬಾಳ ದಾಟಿ ಜಯನಗರಕ್ಕೆ ಒಂದೂವರೆಯಿಂದ ಎರಡು ಗಂಟೆ. ಎಲ್ಲವನ್ನೂ ಕೂಡಿಸಿದರೆ ಆರೂವರೆಯಿಂದ ಏಳು ಗಂಟೆ. ಅದೇ ಮನೆಯಿಂದ ಕಾರಿನಲ್ಲಿ ಉಪ್ಪಿನಂಗಡಿ, ಶಿರಾಡಿ, ಸಕಲೇಶಪುರ, ಹಾಸನದ ಮೇಲೆ ಹೊರಟರೆ ಸುಮಾರು 300 ಕಿ.ಮೀ.; ಊಟಕ್ಕೆ ನಿಲ್ಲಿಸಿಕೊಂಡು ಬಂದರೂ ಏಳು ಗಂಟೆ. ಅಂದರೆ ಪುತ್ತೂರು–ಜಯನಗರದ ಮಟ್ಟಿಗೆ ವಿಮಾನದಿಂದ ಸಮಯ ಉಳಿಯುವುದಿಲ್ಲ. ಮಂಗಳೂರಿನ ಕಾವೂರಿನಲ್ಲಿ ಮನೆಯಿದ್ದು ಬೆಂಗಳೂರಿನ ಯಲಹಂಕಕ್ಕೆ ಹೋಗುವವರಾದರೆ ಮೂರೂವರೆ ಗಂಟೆಯಲ್ಲಿ ಮನೆ ಸೇರುತ್ತಾರೆ, ಅವರ ಲೆಕ್ಕವೇ ಬೇರೆ.

2008ರ ಮೇ ತಿಂಗಳಿಗಿಂತ ಮೊದಲು ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದ ಕಾಲವನ್ನು ಕಂಡವನು ನಾನು. ಅಲ್ಲಿಂದ ಬಜಪೆಗೆ ನೇರ ದೂರ 301 ಕಿ.ಮೀ. ನಿಲ್ದಾಣ ದೇವನಹಳ್ಳಿಗೆ ಹೋದಾಗ ಆಕಾಶದಲ್ಲಿ ಹೆಚ್ಚಿದ್ದು ಐದೇ ಕಿಲೋಮೀಟರ್. ಜಯನಗರದವರಿಗೆ ಮನೆಯ ಬಾಗಿಲಲ್ಲಿ ಹೆಚ್ಚಿದ್ದು ಒಂದು ಗಂಟೆಗೂ ಮಿಕ್ಕಿದ ದಾರಿ. ಎರಡು ಊರುಗಳ ನಡುವಿನ ದೂರವನ್ನು ನಕ್ಷೆಯಲ್ಲಿ ಅಳೆಯುವವರು ಇದನ್ನು ನೆನಪಿಡಬೇಕು.

ಸಮಯ ಉಳಿಯುವುದಿಲ್ಲ ಎಂದ ಮಾತ್ರಕ್ಕೆ ವಿಮಾನ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಕಾರಿನಲ್ಲಿ ಏಳು ಗಂಟೆಯೂ ಮಂಡಿ ಮಡಿಸಿಕೊಂಡೇ ಇರಬೇಕು. ವಿಮಾನದಲ್ಲಿ ಬಂದರೆ ಅದೇ ಏಳು ಗಂಟೆ ಒಂದೂವರೆ, ಒಂದೂಕಾಲು, ಎರಡು ಹೀಗೆ ತುಂಡಾಗುತ್ತದೆ, ನಡುವೆ ಕಾಲು ಚಾಚಿ ಕುಳಿತುಕೊಳ್ಳಲು, ನಾಲ್ಕು ಹೆಜ್ಜೆ ನಡೆಯಲು ಅವಕಾಶವಿರುತ್ತದೆ. ನಿಮ್ಮ ತಂದೆಯವರಿಗೆ ಅದರಿಂದ ನಿಜವಾದ ಉಪಯೋಗವಿದೆ.

ಮುಂದಿನ ತಪಾಸಣೆಗಳು ಮಳೆಗಾಲದಲ್ಲಿ ಬಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಬಜಪೆಯದು ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣ. 1951ರ ಡಿಸೆಂಬರ್ 25ರಂದು ಆರಂಭವಾದಾಗ ಇದ್ದದ್ದು ಚಿಕ್ಕ ರನ್‌ವೇ. 2,450 ಮೀಟರ್ ಉದ್ದದ ಈಗಿನದು 2006ರಲ್ಲಿ ಬಳಕೆಗೆ ಬಂತು. ಅದರ ಎರಡೂ ತುದಿಗಳಾಚೆ ಕಣಿವೆಯಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಬದುಕುಳಿದವರು ಎಂಟೇ ಜನ. ನಮ್ಮ ಊರಿನವರು ಆ ಬೆಳಗನ್ನು ಇಂದಿಗೂ ಮರೆತಿಲ್ಲ. ಆದ್ದರಿಂದ ಜೋರು ಮಳೆಯಲ್ಲಿ ಕಣ್ಣಳತೆ ಸಾಲದಿದ್ದರೆ ಪೈಲಟ್‌ಗಳು ಇಳಿಸಲು ಮುಂದಾಗದೆ ಮೇಲೆಯೇ ಸುತ್ತು ಹಾಕುತ್ತಾರೆ, ಇಲ್ಲವೇ ಬೇರೆಡೆಗೆ ಹೋಗುತ್ತಾರೆ. ಅದು ಸರಿಯಾದ ನಿರ್ಧಾರ. ಎರಡು ವರ್ಷಗಳ ಹಿಂದೆ ಜುಲೈಯಲ್ಲಿ ನಾನಿದ್ದ ವಿಮಾನ ಬಜಪೆಯ ಮೇಲೆ ಇಪ್ಪತ್ತು ನಿಮಿಷ ಸುತ್ತಿತು. ಒಮ್ಮೆ ಮೋಡ ಸೀಳಿದಾಗ ಗುರುಪುರ ಹೊಳೆ ಕೆಂಪು ನೀರು ತುಂಬಿಕೊಂಡು ಹರಿಯುತ್ತಿದ್ದದ್ದು, ದಂಡೆಯ ತೆಂಗಿನ ತೋಟಗಳು, ಹಂಚಿನ ಮಾಡುಗಳು ಕಾಣಿಸಿದವು. ಮರುಕ್ಷಣ ಎಲ್ಲ ಬೆಳ್ಳಗಾಯಿತು. ಕೊನೆಗೆ ವಿಮಾನ ಬೆಂಗಳೂರಿಗೇ ವಾಪಸಾಯಿತು, ನಾನು ರಾತ್ರಿ ಬಸ್ಸಿನಲ್ಲಿ ಊರು ಸೇರಿದೆ. ಮಳೆಗಾಲದಲ್ಲಿ ವೈದ್ಯರ ಭೇಟಿಯನ್ನು ವಿಮಾನ ಇಳಿದ ದಿನವೇ ಇಟ್ಟುಕೊಳ್ಳಬೇಡಿ.

ಡಿಸೆಂಬರ್‌ನಲ್ಲಿ ಮಂಗಳೂರಿನ ಆಕಾಶ ನಿಚ್ಚಳವಾಗಿರುತ್ತದೆ. ಆಗ ತೊಂದರೆಯಿರುವುದು ದೇವನಹಳ್ಳಿಯ ಬೆಳಗಿನ ಮಂಜಿನಿಂದ. ಎಂಟು ಗಂಟೆಯೊಳಗೆ ಬೆಂಗಳೂರಿನಲ್ಲಿ ಇಳಿಯುವ ವಿಮಾನವನ್ನು ಬಿಟ್ಟು ಹತ್ತರ ಮೇಲಿನದನ್ನು ಆರಿಸಿಕೊಳ್ಳಿ.

ಎಡಕುಮೇರಿ

ರೈಲಿನ ಮಾತನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪುತ್ತೂರಿನವರಿಗೆ ಕಬಕ ಪುತ್ತೂರು ನಿಲ್ದಾಣ ಕೂಗಳತೆಯಲ್ಲಿದೆ, ಬಜಪೆ ಐವತ್ತು ಕಿಲೋಮೀಟರ್ ವಿರುದ್ಧ ದಿಕ್ಕಿನಲ್ಲಿದೆ. ಬೆಂಗಳೂರಿಗೆ ಹೋಗುವುದಕ್ಕೆಂದು ಮೊದಲು ಪಶ್ಚಿಮಕ್ಕೆ ಐವತ್ತು ಕಿಲೋಮೀಟರ್ ಹೋಗಿ, ಆಮೇಲೆ ಅದೇ ದೂರವನ್ನು ಆಕಾಶದಲ್ಲಿ ಹಿಂದಿರುಗುವುದು ಯಾವ ಲೆಕ್ಕ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ನಿಜ, ರೈಲು ನಿಧಾನ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿದ್ದು, ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದಾದ ಹಾದಿ ಅದು. ಆ ಐವತ್ತೈದು ಕಿಲೋಮೀಟರಿಗೇ ಎರಡೂವರೆ ಗಂಟೆ ಹೋಗುತ್ತದೆ. ವಿಮಾನ ಆ ಘಟ್ಟವನ್ನು ಐದಾರು ನಿಮಿಷದಲ್ಲಿ ದಾಟಿರುತ್ತದೆ. ಆದರೆ ರಾತ್ರಿ ರೈಲಿನ ಕೆಳಗಿನ ಬರ್ತ್‌ನಲ್ಲಿ ಮಂಡಿಯ ಕೆಳಗೆ ಒಂದು ದಿಂಬು ಕೊಟ್ಟು ಕಾಲು ನೀಡಿ ಮಲಗಿದವರಿಗೆ ಆ ಎರಡೂವರೆ ಗಂಟೆ ನಿದ್ದೆಯಲ್ಲಿ ಕಳೆಯುತ್ತದೆ. ಮಂಡಿನೋವಿನವರಿಗೆ ಎಷ್ಟು ಹೊತ್ತಿನ ಪ್ರಯಾಣ ಎಂಬುದಕ್ಕಿಂತ ಹೇಗೆ ಇರುತ್ತೇವೆ ಎಂಬುದೇ ಮುಖ್ಯ. ನನ್ನ ತಾಯಿಯವರನ್ನು ನಾಲ್ಕು ವರ್ಷಗಳಿಂದ ಹೀಗೆಯೇ ಕರೆದೊಯ್ಯುತ್ತಿದ್ದೇನೆ. ಕಷ್ಟವಿರುವುದು ಹತ್ತಿ ಇಳಿಯುವಲ್ಲಿ: ಪುತ್ತೂರಿನಂತಹ ನಿಲ್ದಾಣಗಳಲ್ಲಿ ರೈಲು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬೋಗಿಯ ಮೆಟ್ಟಿಲು ಕಡಿದಾಗಿರುತ್ತದೆ, ಜೊತೆಗೆ ಇಬ್ಬರಾದರೂ ಇರಬೇಕು.

ಮಳೆಗಾಲದಲ್ಲಿ ಈ ದಾರಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿಹೋಗಿ ಸುಮಾರು ಎರಡು ವಾರ ಪ್ರಯಾಣಿಕರ ರೈಲುಗಳು ನಿಂತಿದ್ದವು.

ಜಯನಗರ_ಪುತ್ತೂರು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ರೈಲಿನ ಸಲಹೆಯನ್ನು ತಂದೆಯವರಿಗೆ ತಿಳಿಸಿದೆ. ಮಲಗಲು ಒಪ್ಪಿದರೂ ಬೋಗಿಯ ಮೆಟ್ಟಿಲು ತನ್ನಿಂದಾಗದು ಎಂದು ಸ್ಪಷ್ಟವಾಗಿ ಹೇಳಿದರು. ಹಾಗಾಗಿ ವಿಮಾನವೇ. ಆದರೆ ಮಂಗಳೂರಿನಲ್ಲಿ ವಿಮಾನ ಹತ್ತುವಾಗಲೂ ಮೆಟ್ಟಿಲು ಇರುತ್ತದೆಯಲ್ಲವೇ?

ಹಿರಿಯರ_ಜೊತೆ

ಏರೋಬ್ರಿಡ್ಜ್ ಸಿಕ್ಕರೆ ಮೆಟ್ಟಿಲಿರುವುದಿಲ್ಲ, ಆದರೆ ಅದನ್ನು ಮೊದಲೇ ಖಾತರಿ ಮಾಡಿಕೊಳ್ಳಲಾಗದು. ಚಿಕ್ಕ ವಿಮಾನಗಳಿಗೆ ಹೆಚ್ಚಾಗಿ ನೆಲದಿಂದಲೇ ಹತ್ತಿಸುತ್ತಾರೆ. ಟಿಕೆಟ್ ಕಾಯ್ದಿರಿಸುವಾಗಲೇ, ತಪ್ಪಿದರೆ 48 ಗಂಟೆ ಮೊದಲಾದರೂ, ವೀಲ್‌ಚೇರ್ ಬೇಕೆಂದು ನಮೂದಿಸಿ. ಅಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು: ನಡೆಯಲು ಮಾತ್ರ ಕಷ್ಟವೋ, ಮೆಟ್ಟಿಲು ಹತ್ತಲೂ ಆಗದೋ ಎಂಬುದು. ಮೆಟ್ಟಿಲು ಹತ್ತಲಾಗದು ಎಂದು ಮೊದಲೇ ತಿಳಿಸಿದರೆ ಆಂಬುಲಿಫ್ಟ್ ಎಂಬ ಎತ್ತುವ ವಾಹನದಲ್ಲಿ ಕುರ್ಚಿ ಸಮೇತ ಬಾಗಿಲ ಮಟ್ಟಕ್ಕೆ ಏರಿಸುವ ವ್ಯವಸ್ಥೆ ಮಾಡುತ್ತಾರೆ. ನಾನು ಮೊದಲ ಸಲ ಅತ್ತೆಯವರನ್ನು ಕರೆದೊಯ್ದಾಗ ವೀಲ್‌ಚೇರ್ ಎಂದಷ್ಟೇ ಬರೆದಿದ್ದೆ. ಮೆಟ್ಟಿಲ ಬುಡದವರೆಗೆ ತಂದು ಬಿಟ್ಟರು, ಅಲ್ಲಿಂದ ಮೇಲಕ್ಕೆ ಅವರು ಪಟ್ಟ ಕಷ್ಟವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸೀಟಿನ ಬಗ್ಗೆಯೂ ಒಂದು ಮಾತು. ಎಟಿಆರ್ ವಿಮಾನಕ್ಕೆ ಪ್ರಯಾಣಿಕರ ಬಾಗಿಲು ಹಿಂಭಾಗದಲ್ಲಿರುತ್ತದೆ. ಜೆಟ್‌ನ ಅಭ್ಯಾಸದಲ್ಲಿ ಮುಂದಿನ ಸಾಲು ಹತ್ತಿರವೆಂದು ಹೆಚ್ಚು ಹಣ ಕೊಟ್ಟು ತೆಗೆದುಕೊಂಡರೆ ಇಕ್ಕಟ್ಟಾದ ಓಣಿಯಲ್ಲಿ ಉದ್ದಕ್ಕೂ ನಡೆಯಬೇಕಾಗುತ್ತದೆ. ನಿಮ್ಮದು ಯಾವ ಮಾದರಿಯ ವಿಮಾನ ಎಂಬುದು ಟಿಕೆಟ್ ವಿವರದಲ್ಲಿರುತ್ತದೆ, ನೋಡಿಕೊಂಡು ಬಾಗಿಲ ಬಳಿಯ ಸಾಲನ್ನು ಓಣಿಯ ಪಕ್ಕಕ್ಕೆ ತೆಗೆದುಕೊಳ್ಳಿ. ಯಾವ ಮಂಡಿ ಹೆಚ್ಚು ನೋಯುತ್ತದೆಯೋ ಆ ಕಾಲು ಓಣಿಯ ಕಡೆಗಿರಲಿ. ತುಸು ಚಾಚಲು ಜಾಗ ಸಿಗುತ್ತದೆ.

ಶಸ್ತ್ರಚಿಕಿತ್ಸೆ ನಿಶ್ಚಯವಾದರೆ, ಹಿಂದಿರುಗುವ ಪ್ರಯಾಣದ ದಿನವನ್ನು ಶಸ್ತ್ರವೈದ್ಯರನ್ನು ಕೇಳದೆ ಗೊತ್ತುಮಾಡಬೇಡಿ. ಹೊಸ ಮಂಡಿ ಹಾಕಿದ ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುತ್ತದೆ. ಕಾರಾಗಲಿ ವಿಮಾನವಾಗಲಿ, ಬಹಳ ಹೊತ್ತು ಅಲುಗಾಡದೆ ಕುಳಿತರೆ ಅದು ಹೆಚ್ಚುತ್ತದೆ. ಲೋಹದ ಮಂಡಿ ಭದ್ರತಾ ತಪಾಸಣೆಯ ಯಂತ್ರದಲ್ಲಿ ಸದ್ದು ಮಾಡುವುದರಿಂದ ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಂಡಿರಿ.

ಜಯನಗರ_ಪುತ್ತೂರು

ನಿನ್ನೆ ತಂದೆಯವರನ್ನು ಕರೆತಂದೆ. ಉಪಯೋಗವಾಗಬಹುದೆಂದು ಗಡಿಯಾರ ನೋಡಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಬೆಳಗ್ಗೆ 7.20ಕ್ಕೆ ಮನೆ ಬಿಟ್ಟು 8.55ಕ್ಕೆ ಬಜಪೆ ತಲುಪಿದೆವು. ಎಟಿಆರ್ ವಿಮಾನದ ಬಾಗಿಲು ಮುಚ್ಚಿದ್ದು 10.38ಕ್ಕೆ, ನೆಲ ಬಿಟ್ಟದ್ದು 10.51ಕ್ಕೆ. ಇಳಿಹಾದಿಯವರು ಹೇಳಿದಂತೆಯೇ ಎಲ್ಲಿಯೂ ಸುತ್ತದೆ ಪಶ್ಚಿಮದಿಂದ ನೇರವಾಗಿ ಬಂದು 11.33ಕ್ಕೆ ದೇವನಹಳ್ಳಿಯಲ್ಲಿ ನೆಲ ಮುಟ್ಟಿತು: 42 ನಿಮಿಷ. ಬಾಗಿಲು ತೆರೆದಾಗ 11.44. ಮನೆ ಸೇರಿದಾಗ 2.05 ಆಗಿತ್ತು. ಒಟ್ಟು ಆರೂಮುಕ್ಕಾಲು ಗಂಟೆ.

ಆಂಬುಲಿಫ್ಟ್ ಎರಡೂ ಕಡೆ ಸಿಕ್ಕಿತು. ಹಿಂದಿನ ಸಾಲಿನಲ್ಲಿ ಓಣಿಯ ಪಕ್ಕದ ಸೀಟು, ಬಲಗಾಲು ಹೊರಗೆ. ಮನೆಯ ಮುಂದಿನ ನಾಲ್ಕು ಮೆಟ್ಟಿಲನ್ನು ತಂದೆಯವರು ಈ ಸಲವೂ ಗೋಡೆ ಹಿಡಿದೇ ಹತ್ತಿದರು, ಆದರೆ ಮಧ್ಯದಲ್ಲಿ ನಿಲ್ಲಲಿಲ್ಲ.